ಇಬ್ಬನಿ ಬಿದ್ದಾಗ ಮಾತು ನಿಲ್ಲಿಸುತ್ತಿದ್ದ ಸೆನ್ಸರ್: ಅಫಜಲಪುರ ತಾಲ್ಲೂಕಿನ ಒಂದು ತೊಗರಿ ಹೊಲದ ಪ್ರಕರಣ

ನವೆಂಬರ್ ಎರಡನೇ ವಾರದ ಒಂದು ಬೆಳಿಗ್ಗೆ. ಅಣ್ಣ ಆರೂವರೆಗೆ ಕೆಳಗಿನ ಹೊಲಕ್ಕೆ ಹೋದ. ದಾರಿಯಲ್ಲೇ ನೀರಿನ ಸಪ್ಪಳ ಕೇಳಿಸಿತಂತೆ. ಡ್ರಿಪ್‌ಗೆ ನೀರು ಕೊಡುವ ಸಬ್‌ಮೇನ್ ಪೈಪಿನ ಒಂದು ಜೋಡಣೆ ಕಿತ್ತು ಬಂದಿತ್ತು. ಬಾವಿಯ ನೀರು ಹಳ್ಳದ ಕಡೆಯ ಮೂಲೆಗೆ ಹರಿದು ಕೆರೆಯ ಹಾಗೆ ನಿಂತಿತ್ತು. ತ್ರೀ ಫೇಸ್ ಕರೆಂಟು ಬಂದದ್ದು ಮೂರು ಗಂಟೆಗೆ. ಅಂದರೆ ಮೂರೂವರೆ ತಾಸು ಮೋಟರ್ ಸುಮ್ನೆ ಓಡಿತ್ತು. ತೊಗರಿ ಆಗ ತಾನೇ ಹೂ ಬಿಟ್ಟು ಕಾಯಿ ಕಟ್ಟುತ್ತಿತ್ತು.

ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು. ಆ ಹೊಲದಲ್ಲಿ ಸೆನ್ಸರ್ ಕೂರಿಸಿದ್ದು ನಾನೇ. ಪೈಪಿನ ಕೊನೆಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇತ್ತು. ಒತ್ತಡ ಬಿದ್ದರೆ ಅಣ್ಣನ ಫೋನಿಗೆ ಕರೆ ಹೋಗಬೇಕಿತ್ತು. ಹೋಗಲಿಲ್ಲ. ಫೋನು ತೆಗೆದು ನೋಡಿದರೆ ಎಲ್ಲಾ ಹಸಿರು ಬಣ್ಣದಲ್ಲೇ ಇತ್ತು. ಯಾಕೆ ಹೀಗಾಯಿತು ಎಂದು ಹುಡುಕಲು ನನಗೆ ಎರಡು ವಾರ ಹಿಡಿಯಿತು. ಹೊಲಕ್ಕೆ ರೇಡಿಯೋ ಸೆನ್ಸರ್ ಹಾಕಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಎಂದು ಆ ಹುಡುಕಾಟವನ್ನು ಪೂರ್ತಿ ಬರೆಯುತ್ತಿದ್ದೇನೆ.

ಹೊಲ ಹೇಗಿದೆ, ಏನು ಹಾಕಿದ್ದೆವು

ನಮ್ಮೂರು ಭೀಮಾ ನದಿಯಿಂದ ಸ್ವಲ್ಪ ಒಳಗಿದೆ. ಪೂರಾ ಎರೆ ಭೂಮಿ. ಊರ ಅಂಚಿನಲ್ಲಿ ಮನೆ, ಅಲ್ಲಿಂದ 1.4 ಕಿಲೋಮೀಟರ್ ದೂರದಲ್ಲಿ ಹಳ್ಳದ ದಂಡೆಯ ಕೆಳಗಿನ ಹೊಲ. ನಡುವೆ ನಮ್ಮದೂ ಬೇರೆಯವರದೂ ತೊಗರಿ, ಒಂದು ಕಡೆ ಕಬ್ಬಿನ ಪಟ್ಟಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಮಳೆಗಾಲದಲ್ಲಿ ಈ ಕಡೆ ಬಂದವರಿಗೆ ಕಣ್ಣು ಹಾಯುವ ತನಕ ತೊಗರಿಯೇ ಕಾಣುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಣ್ಣ ಕೆಳಗಿನ ಹೊಲದಲ್ಲಿ ನಾಟಿ ತೊಗರಿ ಹಾಕುತ್ತಾನೆ. ಪಾಲಿಥಿನ್ ಚೀಲದಲ್ಲಿ ಸಸಿ ಬೆಳೆಸಿ, ಆಮೇಲೆ ದೂರ ದೂರ ನೆಡುವ ಪದ್ಧತಿ. ಗಿಡ ಚೆನ್ನಾಗಿ ಹರಡುತ್ತದೆ, ಆಳಿಗಿಂತ ಎತ್ತರ ಬೆಳೆಯುತ್ತದೆ. ಹೂ, ಕಾಯಿ ಹೊತ್ತಿನಲ್ಲಿ ಮಳೆ ಕೈ ಕೊಟ್ಟರೆ ಡ್ರಿಪ್‌ನಿಂದ ಎರಡು ಮೂರು ಸಲ ನೀರು ಕೊಡುತ್ತಾನೆ. ಕರೆಂಟು ಪಾಳಿಯ ಪ್ರಕಾರ ಬರುತ್ತದೆ, ಎಷ್ಟೋ ಸಲ ರಾತ್ರಿ. ಹಾವು ಹುಳದ ಕತ್ತಲೆಯಲ್ಲಿ ಹಳ್ಳದ ತನಕ ನಡೆಯುವುದು ತಪ್ಪಲಿ ಎಂಬುದೇ ನನ್ನ ಆಸೆಯಾಗಿತ್ತು. ಅಣ್ಣನಿಗೆ ಐವತ್ತೆರಡು ವಯಸ್ಸು.

ಜೂನ್ ಮೊದಲ ವಾರ ನಾಲ್ಕು ನೋಡ್ ಕೂರಿಸಿದೆವು. ನೋಡ್ ಅಂದರೆ ಸೆನ್ಸರ್, ಸಣ್ಣ ರೇಡಿಯೋ, ಬ್ಯಾಟರಿ, ಸೋಲಾರ್ ತಟ್ಟೆ ಸೇರಿದ ಒಂದು ಡಬ್ಬಿ. ಎರಡು ಮಣ್ಣಿನ ತೇವ ಅಳೆಯುತ್ತವೆ. ಒಂದು ಬಾವಿಯ ನೀರಿನ ಮಟ್ಟ ನೋಡುತ್ತದೆ. ಇನ್ನೊಂದು ಕೆಳಗಿನ ಹೊಲದಲ್ಲಿ ಪೈಪಿನ ಒತ್ತಡ ನೋಡುತ್ತದೆ. ಮಳೆಮಾಪಕ ನಾವು ಹಾಕಲಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇದೆ, ಸದ್ಯಕ್ಕೆ ಅದರ ಲೆಕ್ಕ ಸಾಕು.

ಒಂದೊಂದು ಡಬ್ಬಿಗೆ ಒಂದೊಂದು ಸಿಮ್ ಹಾಕಬಹುದಿತ್ತು. ಆದರೆ ಹಳ್ಳದ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ನಾಲ್ಕು ರೀಚಾರ್ಜ್ ಬೇರೆ. ಅದಕ್ಕೇ ಲೋರಾ ಆರಿಸಿದೆ. ಇದು ತುಂಬಾ ನಿಧಾನವಾಗಿ ಮಾತಾಡುವ ರೇಡಿಯೋ. ಹಾಡು, ಚಿತ್ರ ಕಳಿಸಲು ಆಗುವುದಿಲ್ಲ. ಹತ್ತು ಹನ್ನೆರಡು ಅಕ್ಷರದಷ್ಟು ಮಾಹಿತಿಯನ್ನು ಸಣ್ಣ ಬ್ಯಾಟರಿಯಲ್ಲಿ ಕಿಲೋಮೀಟರ್‌ಗಟ್ಟಲೆ ದಾಟಿಸುತ್ತದೆ. ಮನೆಯ ಮಾಳಿಗೆ ಮೇಲೆ 7 ಮೀಟರ್ ಎತ್ತರದಲ್ಲಿ ಒಂದು ಗೇಟ್‌ವೇ ಇದೆ. ಅದು ನಾಲ್ಕೂ ನೋಡ್‌ಗಳ ಮಾತು ಕೇಳಿ ಇಂಟರ್‌ನೆಟ್‌ಗೆ ದಾಟಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಇಂಥ ಸಾಧನಕ್ಕೆ ಲೈಸೆನ್ಸ್ ಇಲ್ಲದೆ ಸಿಗುವ ರೇಡಿಯೋ ಆವರ್ತನದ ಪಟ್ಟಿ (ಬ್ಯಾಂಡ್) ಮೊದಲು 865ರಿಂದ 867 ಮೆಗಾಹರ್ಟ್ಸ್ ಇತ್ತು. 2021ರ ನಿಯಮದಲ್ಲಿ ಅದು 868ರ ತನಕ ವಿಸ್ತರಿಸಿತು. ಆನ್‌ಲೈನ್‌ನಲ್ಲಿ ಕಡಿಮೆ ದರಕ್ಕೆ ಸಿಗುವ ಎಷ್ಟೋ ಬೋರ್ಡುಗಳು ಅಮೆರಿಕದ 902–928 ಪಟ್ಟಿಗೆ ಮಾಡಿದವು. ಆ ಜಾಗದ ಒಂದು ಪಾಲು ನಮ್ಮಲ್ಲಿ ಮೊಬೈಲ್ ಕಂಪನಿಗಳದ್ದು. ಅದನ್ನು ಇಲ್ಲಿ ಹಚ್ಚುವುದು ಕಾನೂನಿಗೂ ತಪ್ಪು, ಪಕ್ಕದವರ ಫೋನಿಗೂ ತೊಂದರೆ. ಕೊಳ್ಳುವಾಗ ಬೋರ್ಡು, ಆಂಟೆನಾ ಎರಡೂ 865ರ ಪಟ್ಟಿಯವೇ ಎಂದು ನೋಡಿಕೊಳ್ಳಿ.

ಜೂನ್‌ನಲ್ಲಿ ಹೊಲ ಹರಗಿ ಬಿಟ್ಟಿದ್ದರು. ಬರಿ ನೆಲ. ಕೆಳಗಿನ ಹೊಲದ ನೋಡ್‌ಗೆ ಆಂಟೆನಾ ನೆಲದಿಂದ ಒಂದು ಮೀಟರ್ ಮೇಲೆ. ಗೇಟ್‌ವೇಯಲ್ಲಿ ಅದರ ಸಿಗ್ನಲ್ ಮೈನಸ್ 92 ಡಿಬಿಎಂ ಬಂತು. ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ಈ ರೇಡಿಯೋ ತನ್ನ ಅತಿ ವೇಗದ ಕ್ರಮದಲ್ಲೂ ಮೈನಸ್ 120ರ ಆಚೆಗಿನ ಸಿಗ್ನಲ್ ಹಿಡಿಯುತ್ತದೆ. ಮೂವತ್ತು ಡೆಸಿಬಲ್ ಹತ್ತಿರ ಉಳಿತಾಯ ಇದೆ ಅಂತ ನಿಶ್ಚಿಂತೆಯಿಂದ ಕಲಬುರಗಿಗೆ ಮರಳಿದೆ.

ಎರೆ ಮಣ್ಣಿನ ಬಗ್ಗೆ ಒಂದು ಮಾತು

ರೇಡಿಯೋ ವಿಷಯಕ್ಕೆ ಬರುವ ಮುಂಚೆ ಇದನ್ನು ಹೇಳಿಬಿಡುತ್ತೇನೆ, ಯಾಕಂದರೆ ಮೊದಲು ಕೈ ಕೊಟ್ಟದ್ದು ಮಣ್ಣಿನ ಸೆನ್ಸರ್. ಆಗಸ್ಟ್‌ನಲ್ಲಿ ಹತ್ತು ದಿನ ಮಳೆ ಬರಲಿಲ್ಲ. ಒಂದು ಸೆನ್ಸರ್ ಇದ್ದಕ್ಕಿದ್ದ ಹಾಗೆ ಪೂರಾ ಒಣ ಎಂದು ತೋರಿಸಿತು. ಅಣ್ಣ ಅಗೆದು ನೋಡಿದ. ಒಂದು ಗೇಣು ಕೆಳಗೆ ಮಣ್ಣು ಉಂಡೆ ಕಟ್ಟುವಷ್ಟು ಹಸಿಯಾಗಿತ್ತು. ಎರೆ ಭೂಮಿ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ ಅಲ್ವಾ? ಬಿರುಕು ಸರಿಯಾಗಿ ಸೆನ್ಸರ್ ಪಕ್ಕದಲ್ಲೇ ಬಿಟ್ಟಿತ್ತು. ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತಿತ್ತು.

ಈಗ ನಾವು ಸೆನ್ಸರ್ ಅನ್ನು ನೇರ ಚುಚ್ಚುವುದಿಲ್ಲ. ಓರೆಯಾಗಿ ತೂತು ಮಾಡಿ, ಅದೇ ಹೊಲದ ಮಣ್ಣನ್ನು ರಾಡಿ ಮಾಡಿ ಸುರಿದು, ಅದರಲ್ಲಿ ಕೂರಿಸುತ್ತೇವೆ. ವೈರನ್ನು ಬಿಗಿಯಾಗಿ ಎಳೆಯದೆ ಒಂದು ಸುತ್ತು ಸಡಿಲ ಬಿಡುತ್ತೇವೆ. ಇಲ್ಲದಿದ್ದರೆ ಭೂಮಿ ಕುಗ್ಗುವಾಗ ಅದೇ ಹರಿದು ಹಾಕುತ್ತದೆ. ಸೆನ್ಸರ್ ಕಂಪನಿ ಕೊಟ್ಟ ಲೆಕ್ಕವನ್ನು ಹಾಗೇ ನಂಬಬೇಡಿ. ನಾವು ಮಣ್ಣಿನ ಮಾದರಿ ತೂಗಿ, 105 ಡಿಗ್ರಿ ಒಲೆಯಲ್ಲಿ 24 ತಾಸು ಒಣಗಿಸಿ, ಮತ್ತೆ ತೂಗಿ, ಅದಕ್ಕೆ ಹೊಂದಿಸಿಕೊಂಡೆವು. ಜೇಡಿ ಜಾಸ್ತಿ ಇರುವ ನಮ್ಮ ಮಣ್ಣಿಗೆ ಇದು ಬೇಕೇ ಬೇಕು.

ತಪ್ಪು ದಾರಿಯಲ್ಲಿ ಒಂದು ವಾರ

ಪೈಪು ಕಿತ್ತ ದಿನ ನಾನು ರಜೆ ಹಾಕಿ ಊರಿಗೆ ಬಂದೆ. ಆ ನೋಡ್‌ನಿಂದ ಕೊನೆಯ ಮೆಸೇಜು ಬಂದದ್ದು ಹಿಂದಿನ ಸಂಜೆ ಏಳಕ್ಕೆ. ಆಗ ಮೋಟರ್ ಓಡುತ್ತಿರಲಿಲ್ಲ, ದೂರೂ ಇರಲಿಲ್ಲ. ನಾನು ಬರೆದ ಪ್ರೋಗ್ರಾಂ ಮೆಸೇಜು ಬಂದಾಗ ಮಾತ್ರ ತಪ್ಪು ಹುಡುಕುತ್ತಿತ್ತು. ಮೆಸೇಜೇ ಬರದಿದ್ದರೆ ಏನು ಮಾಡಬೇಕು ಎಂದು ಅದಕ್ಕೆ ಹೇಳಿರಲಿಲ್ಲ. ಪರದೆ ಹಸಿರಾಗಿ ಉಳಿದದ್ದು ಅದಕ್ಕೇ. ಈ ತಪ್ಪು ನನ್ನದು.

ಮೆಸೇಜು ಯಾಕೆ ಬರಲಿಲ್ಲ? ಮೊದಲು ಬ್ಯಾಟರಿ ಮೇಲೆ ಅನುಮಾನ ಬಂತು. ಬದಲಿಸಿದೆ. ಆದರೆ ನೋಡ್ ತನ್ನ ಬ್ಯಾಟರಿ ವೋಲ್ಟೇಜನ್ನೂ ಕಳಿಸುತ್ತದೆ, ಹಳೆಯ ದಾಖಲೆಯಲ್ಲಿ ಅದು ಒಂದು ದಿನವೂ ಬಿದ್ದಿರಲಿಲ್ಲ. ಅದನ್ನು ಮೊದಲೇ ನೋಡಿದ್ದರೆ ಒಂದು ದಿನ ಉಳಿಯುತ್ತಿತ್ತು. ಆಮೇಲೆ ಆಂಟೆನಾ ಜೋಡಣೆಗೆ ನೀರು ಹೊಕ್ಕಿದೆಯೇನೋ ಎಂದು ಬಿಚ್ಚಿ, ಒರೆಸಿ, ರಬ್ಬರ್ ಟೇಪು ಸುತ್ತಿದೆ. ಉದ್ದನೆಯ ಹೊಸ ಆಂಟೆನಾ ಹಾಕಿದೆ. ಮೂರು ಡೆಸಿಬಲ್ ಹೆಚ್ಚಾಯಿತು, ಅಷ್ಟೇ. ಮಧ್ಯಾಹ್ನ ಪರೀಕ್ಷೆ ಮಾಡಿದರೆ ಎಲ್ಲಾ ಮೆಸೇಜೂ ಬರುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯದು ಒಂದೂ ಇಲ್ಲ.

ದಾರಿ ತೋರಿಸಿದ್ದು ಅಣ್ಣ. ಚಹಾ ಕುಡಿಯುತ್ತಾ, "ಇಬ್ಬನಿ ಆರಿದ ಮೇಲೆ ಬರ್ತದ ನೋಡು" ಅಂದ. ಅವನು ಅದನ್ನು ತಿಂಗಳಿಂದ ಗಮನಿಸಿದ್ದನಂತೆ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಆ ರಾತ್ರಿ ಜೂನ್‌ನಿಂದ ಬಂದ ಎಲ್ಲಾ ಮೆಸೇಜುಗಳನ್ನು ತೆಗೆದು ತಾಸಿಗೊಂದರಂತೆ ಹರಡಿಕೊಂಡೆ. ಎರಡು ಸಂಗತಿ ಎದ್ದು ಕಂಡವು. ಒಂದು, ಸಿಗ್ನಲ್ ಜುಲೈನಿಂದ ನಿಧಾನವಾಗಿ ಇಳಿಯುತ್ತಾ ಬಂದಿತ್ತು. ಮೈನಸ್ 92 ಇದ್ದದ್ದು ನವೆಂಬರ್ ಮಧ್ಯಾಹ್ನಗಳಲ್ಲಿ ಮೈನಸ್ 116ಕ್ಕೆ ಬಂದಿತ್ತು. 24 ಡೆಸಿಬಲ್ ಅಂದರೆ ಸಣ್ಣದಲ್ಲ. ತಲುಪುವ ಶಕ್ತಿ 250ನೇ ಒಂದು ಭಾಗಕ್ಕೆ ಇಳಿದ ಹಾಗೆ. ಎರಡನೆಯದು, ಮೆಸೇಜು ತಪ್ಪುತ್ತಿದ್ದದ್ದು ಹೆಚ್ಚಾಗಿ ರಾತ್ರಿಯಿಂದ ಬೆಳಗಿನ ಒಂಬತ್ತರವರೆಗೆ, ಮತ್ತೆ ಮಳೆ ಬಿದ್ದ ಮೇಲಿನ ತಾಸುಗಳಲ್ಲಿ.

ಗಿಡ ಬೆಳೆಯಿತು, ಎಲೆ ಒದ್ದೆಯಾಯಿತು. ಕಾರಣ ಇಷ್ಟೇ.

ಲೆಕ್ಕ ಹಾಕಿ ನೋಡಿದಾಗ

ಆಂಟೆನಾ 1 ಮೀಟರ್ ಎತ್ತರದಲ್ಲಿದೆ, ಗೇಟ್‌ವೇ 7 ಮೀಟರ್ ಎತ್ತರದಲ್ಲಿದೆ, ನಡುವೆ 1,400 ಮೀಟರ್. ನೆಲ ಸಪಾಟು ಎಂದೇ ಇಟ್ಟುಕೊಳ್ಳೋಣ. ಎರಡಕ್ಕೂ ಒಂದು ದಾರ ಕಟ್ಟಿದರೆ ಅದು 1,400 ಮೀಟರ್‌ಗೆ ಬರೀ 6 ಮೀಟರ್ ಏರುತ್ತದೆ. ತೊಗರಿ 2 ಮೀಟರ್ ಎತ್ತರ ಇದ್ದರೆ ದಾರ ಗಿಡದ ತಲೆ ದಾಟಿ ಹೊರಗೆ ಬರಲು 230 ಮೀಟರ್ ಹೋಗಬೇಕು. ಅಷ್ಟು ದೂರ ಎಲೆ, ಕೊಂಬೆಯೊಳಗೇ ದಾರಿ. 3 ಮೀಟರ್ ಕಬ್ಬು ಇದ್ದ ಕಡೆಯಾದರೆ 460 ಮೀಟರ್. ರೇಡಿಯೋ ಅಲೆ ದಾರದ ಹಾಗೆ ತೆಳ್ಳಗೂ ಇರುವುದಿಲ್ಲ. ಅದು ನಡುವಿನಲ್ಲಿ ಉಬ್ಬಿದ ಸೌತೆಕಾಯಿ ಆಕಾರದ ಜಾಗ ಬೇಡುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 866 ಮೆಗಾಹರ್ಟ್ಸ್‌ನಲ್ಲಿ, 1.4 ಕಿಲೋಮೀಟರ್‌ಗೆ, ನಟ್ಟನಡುವೆ ಅದರ ಅರ್ಧ ಅಗಲ 11 ಮೀಟರ್. ಅದರಲ್ಲಿ ಶೇಕಡ 60ರಷ್ಟಾದರೂ ಖಾಲಿ ಇದ್ದರೆ ಒಳ್ಳೆಯದು. ನಮ್ಮಲ್ಲಿ ಅದರ ಕೆಳಗಿನ ಭಾಗಕ್ಕೆ ನೆಲವೂ ಬೆಳೆಯೂ ಅಡ್ಡ ಇದ್ದವು.

ಎಲೆಯ ತುಂಬ ನೀರು ಇರುತ್ತದೆ. ನೀರು ಈ ಅಲೆಯ ಶಕ್ತಿಯನ್ನು ಹೀರುತ್ತದೆ, ಚದುರಿಸುತ್ತದೆ. ಒಣ ಮಧ್ಯಾಹ್ನದಲ್ಲಿ ಹೇಗೋ ತೂರಿ ಬರುತ್ತಿದ್ದ ಸಿಗ್ನಲ್, ಒಂದೊಂದು ಎಲೆಯ ಮೇಲೂ ಇಬ್ಬನಿ ಕೂತಾಗ ಇನ್ನಷ್ಟು ಸೋತು ಕೇಳಿಸದಷ್ಟಕ್ಕೆ ಇಳಿಯುತ್ತಿತ್ತು. ಚಳಿಗಾಲ ಶುರುವಾದ ಮೇಲೆ ಹಳ್ಳದ ದಂಡೆಯಲ್ಲಿ ಇಬ್ಬನಿ ಜಾಸ್ತಿ. ತೊಗರಿಗೆ ನೀರು ಕೊಡುವುದೂ ಅದೇ ಕಾಲದಲ್ಲಿ. ಕರೆಂಟು ಬರುವುದೂ ಅದೇ ಹೊತ್ತಿಗೆ.

ಹಾಗಾದರೆ ರೇಡಿಯೋ ತಾನೇ ಹೊಂದಿಕೊಳ್ಳಬೇಕಿತ್ತು, ಅಲ್ವಾ? ಲೋರಾದಲ್ಲಿ ಎಸ್‌ಎಫ್ 7ರಿಂದ ಎಸ್‌ಎಫ್ 12ರ ತನಕ ಆರು ಮೆಟ್ಟಿಲು ಇವೆ. ಒಂದೊಂದು ಮೆಟ್ಟಿಲು ಏರಿದಂತೆ ಮಾತು ಹತ್ತಿರ ಹತ್ತಿರ ಎರಡು ಪಟ್ಟು ನಿಧಾನವಾಗುತ್ತದೆ, ಕೇಳಿಸುವ ಶಕ್ತಿ ಎರಡೂವರೆ ಡೆಸಿಬಲ್ ಹೆಚ್ಚುತ್ತದೆ. ಎಸ್‌ಎಫ್ 12ರಲ್ಲಿ ಗದ್ದಲಕ್ಕಿಂತ 20 ಡೆಸಿಬಲ್ ಕೆಳಗೆ ಹೂತ ಸಿಗ್ನಲ್ಲನ್ನೂ ಹೆಕ್ಕಿ ತೆಗೆಯಬಹುದು. ಮೆಟ್ಟಿಲು ಆರಿಸುವ ಕೆಲಸವನ್ನು, ಲೋರಾ ಜಾಲ ನಡೆಸುವ ನಿಯಮಗಳಾದ ಲೋರಾವ್ಯಾನ್‌ನಲ್ಲಿ ಎಡಿಆರ್ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ನಾನು ಅದನ್ನು ಆನ್ ಮಾಡಿಯೇ ಇಟ್ಟಿದ್ದೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಭಾಗ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೂನ್‌ನ ಬರಿ ನೆಲದಲ್ಲಿ ಸಿಗ್ನಲ್ ಚೆನ್ನಾಗಿತ್ತು. ಎಡಿಆರ್ ಬ್ಯಾಟರಿ ಉಳಿಸಲು ನೋಡನ್ನು ಎಸ್‌ಎಫ್ 7ಕ್ಕೆ ಇಳಿಸಿತು, ಪವರನ್ನೂ ಇಳಿಸಿತು. ಅದು ಸರಿಯೇ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಲೆಕ್ಕದಲ್ಲಿ ಸರ್ವರ್ (ಗೇಟ್‌ವೇ ದಾಟಿಸಿದ ಮೆಸೇಜು ಪಡೆಯುವ ಕಂಪ್ಯೂಟರ್) ಕೊನೆಯ 20 ಮೆಸೇಜು ತೆಗೆದುಕೊಂಡು, ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಒಂದನ್ನು ಹಿಡಿದು ತೀರ್ಮಾನಿಸುತ್ತದೆ. ನಾವು ತಾಸಿಗೊಂದು ಮೆಸೇಜು ಕಳಿಸುತ್ತಿದ್ದೆವು. 20 ಮೆಸೇಜು ಅಂದರೆ ಕಡಿಮೆ ಅಂದರೂ 20 ತಾಸು. ಅದರೊಳಗೆ ಒಂದಾದರೂ ಒಣ ಮಧ್ಯಾಹ್ನದ ಮೆಸೇಜು ಇದ್ದೇ ಇರುತ್ತದೆ. ಸರ್ವರ್ ಅದನ್ನು ನೋಡಿ "ಎಲ್ಲಾ ಸರಿ ಇದೆ" ಎನ್ನುತ್ತದೆ. ತಲುಪದೇ ಹೋದ ಮೆಸೇಜು ಅದರ ಲೆಕ್ಕಕ್ಕೇ ಬರುವುದಿಲ್ಲ.

ನೋಡ್‌ನ ಕಡೆಯಿಂದಲೂ ಒಂದು ದಾರಿ ಇದೆ. 64 ಮೆಸೇಜು ಕಳಿಸಿಯೂ ಮೇಲಿನಿಂದ ಏನೂ ಬರದಿದ್ದರೆ ಅದು "ನಾನು ಕೇಳಿಸ್ತಿದ್ದೀನಾ?" ಎಂದು ಕೇಳುತ್ತದೆ. ಇನ್ನೂ 32 ಮೆಸೇಜು ಉತ್ತರ ಇಲ್ಲದೆ ಕಳೆದರೆ ಮಾತ್ರ ಪವರ್ ಏರಿಸಿ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ತಾಸಿಗೊಂದರ ಲೆಕ್ಕದಲ್ಲಿ 96 ತಾಸು, ಅಂದರೆ ನಾಲ್ಕು ದಿನ. ಆದರೆ ಆ 32 ತಾಸಿನೊಳಗೆ ಒಂದು ಮಧ್ಯಾಹ್ನ ಬಂದೇ ಬರುತ್ತದೆ. ಆಗ ಉತ್ತರ ಸಿಗುತ್ತದೆ. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಮ್ಮ ನೋಡ್ ಒಂದು ಸಲವೂ ಮೆಟ್ಟಿಲು ಹತ್ತಿರಲಿಲ್ಲ. ದಿನಾ ಮಧ್ಯಾಹ್ನ ಗಟ್ಟಿಯಾಗಿ ಮಾತಾಡುತ್ತಾ, ದಿನಾ ರಾತ್ರಿ ಮೂಕವಾಗುತ್ತಾ ಹಾಗೇ ಇತ್ತು. ಎಡಿಆರ್ ಕೆಟ್ಟದ್ದಲ್ಲ. ಕಟ್ಟಡದ ಗೋಡೆ ಜೂನ್‌ನಲ್ಲೂ ನವೆಂಬರ್‌ನಲ್ಲೂ ಅದೇ ಗೋಡೆ. ಬೆಳೆ ಹಾಗಲ್ಲ.

ಗಳ ಹಿಡಿದು ನಿಂತ ಬೆಳಗು

ಊಹೆ ಸರಿಯೇ ಎಂದು ನೋಡಲು ಒಂದು ಬೆಳಿಗ್ಗೆ ಐದಕ್ಕೆ ಅಣ್ಣ, ನಾನು, ಅವನ ಮಗ ಹೊಲಕ್ಕೆ ಹೋದೆವು. ಗಿಡಗಳ ನಡುವೆ ಹಾಯುವಷ್ಟರಲ್ಲಿ ಇಬ್ಬನಿಗೆ ಅಂಗಿ ತೊಯ್ದು ಹೋಯಿತು. ನೋಡ್ ಇದ್ದಲ್ಲೇ ಇಟ್ಟು ನಿಮಿಷಕ್ಕೊಂದರಂತೆ ಹತ್ತು ಮೆಸೇಜು ಕಳಿಸಿದೆವು. ಒಂದೂ ತಲುಪಲಿಲ್ಲ. ಅದೇ ಜಾಗದಲ್ಲಿ ಎಸ್‌ಎಫ್ 10 ಮಾಡಿ, ಪವರ್ ಏರಿಸಿ ಹತ್ತು ಕಳಿಸಿದೆವು. ಆರು ತಲುಪಿದವು. ಆಮೇಲೆ ಡಬ್ಬಿಯನ್ನು ಬಿದಿರು ಗಳಕ್ಕೆ ಕಟ್ಟಿ ನಾಲ್ಕೂವರೆ ಮೀಟರ್ ಎತ್ತಿ ಹಿಡಿದೆವು, ಎಸ್‌ಎಫ್ 7ಕ್ಕೆ ಮರಳಿಸಿ. ಹತ್ತಕ್ಕೆ ಹತ್ತೂ ಬಂದವು. ಸಿಗ್ನಲ್ ಮೈನಸ್ 101. ಅಣ್ಣನ ಮಗ ಗಳ ಹಿಡಿದುಕೊಂಡೇ "ಇಷ್ಟೇನಾ ಕಾಕಾ?" ಎಂದು ಕೇಳಿದ. ಹೌದು, ಇಷ್ಟೇ.

ಡಿಸೆಂಬರ್‌ನಲ್ಲಿ ಕಬ್ಬಿಣದ ಜಿಐ ಪೈಪಿನ ಕಂಬ ನಿಲ್ಲಿಸಿದೆವು. ಹೊಲದ ನಡುವೆ ನೆಟ್ಟರೆ ಎಡೆ ಹೊಡೆಯಲು, ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿ, ಅದಕ್ಕೇ ಬದುವಿನ ಮೇಲೆ. ಎರೆ ಭೂಮಿ ಉಬ್ಬಿ ಕುಗ್ಗುವುದರಿಂದ ಕಂಬ ಒಂದೇ ವರ್ಷದಲ್ಲಿ ವಾಲುತ್ತದೆ. ಗುಂಡಿ ಅಗಲ ತೆಗೆದು ಸುತ್ತ ಮೊರಂ ತುಂಬಿ ಬಡಿದೆವು. ಕೆಳಗೆ ಡಬ್ಬಿ ಇಟ್ಟು ಮೇಲಕ್ಕೆ ಆಂಟೆನಾ ಕೇಬಲ್ ಎಳೆಯಬೇಡಿ. ತೆಳು ಕೇಬಲ್ಲು ಮೀಟರ್‌ಗೆ ಅರ್ಧ ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ತಿನ್ನುತ್ತದೆ. ರೇಡಿಯೋ ಡಬ್ಬಿಯನ್ನೇ ತುದಿಗೆ ಕಟ್ಟಿ, ಸೆನ್ಸರ್ ವೈರನ್ನು ಕೊಳವೆಯೊಳಗೆ ಕೆಳಕ್ಕೆ ಇಳಿಸಿದೆವು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ನಮ್ಮ ಕಡೆ ಜೋರು, ಹಾಗಾಗಿ ಕಂಬಕ್ಕೆ ಅರ್ತಿಂಗ್ ಕೊಟ್ಟೆವು.

ಒಂದು ತೊಂದರೆ ನಾನು ಎಣಿಸಿರಲೇ ಇಲ್ಲ. ತೊಗರಿ ಹೊಲದಲ್ಲಿ ಕಾಯಿಕೊರಕ ಹುಳುವನ್ನು ಹಕ್ಕಿಗಳು ತಿನ್ನಲಿ ಎಂದು ಅವು ಕೂರಲು ಗೂಟ ನೆಡುತ್ತಾರೆ. ನಮ್ಮ ಕಂಬ ಎಲ್ಲಕ್ಕಿಂತ ಎತ್ತರದ ಗೂಟವಾಯಿತು. ಕಾಜಾಣಗಳು ಸೋಲಾರ್ ತಟ್ಟೆ ಮೇಲೇ ಕೂತು ಹಿಕ್ಕೆ ಹಾಕಿದವು, ಬ್ಯಾಟರಿ ಇಳಿಯತೊಡಗಿತು. ಅಣ್ಣ ತಟ್ಟೆಯ ಪಕ್ಕಕ್ಕೆ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂದು ಅಡ್ಡ ಕೋಲು ಕಟ್ಟಿದ. ಈಗ ಹಕ್ಕಿಗಳು ಅಲ್ಲಿ ಕೂರುತ್ತವೆ. ಹುಳುವನ್ನೂ ತಿನ್ನುತ್ತವೆ.

ಸುದ್ದಿ ಬರದಿದ್ದರೆ ಮೋಟರ್ ನಿಲ್ಲಲಿ

ಕಂಬ ಏರಿಸಿದ್ದಷ್ಟೇ ಸಾಲದು. ರೇಡಿಯೋ ಎಂದಾದರೂ ಮತ್ತೆ ಕೈ ಕೊಡುತ್ತದೆ. ಎಡಿಆರ್ ತೆಗೆದು ಎಸ್‌ಎಫ್ 9ಕ್ಕೆ ನಿಲ್ಲಿಸಿದೆ. ಪೈಪಿನಲ್ಲಿ ಒತ್ತಡ ಕಂಡ ಕೂಡಲೇ ನೋಡ್ ಐದು ನಿಮಿಷಕ್ಕೊಂದು ಮೆಸೇಜು ಕಳಿಸಲು ಶುರು ಮಾಡುತ್ತದೆ, ಮೋಟರ್ ನಿಂತರೆ ಮತ್ತೆ ತಾಸಿಗೊಂದು. ಸ್ಟಾರ್ಟರ್ ಡಬ್ಬಿಗೆ ಹೊಸ ನಿಯಮ ಹಾಕಿದೆವು. "ಒತ್ತಡ ಸರಿ ಇದೆ" ಎಂಬ ಸುದ್ದಿ ಹದಿನೈದು ನಿಮಿಷ ಬರದಿದ್ದರೆ ಮೋಟರ್ ಆಫ್. ಪಂಪಿನ ಬಾಯಲ್ಲೇ ಒಂದು ಸಾದಾ ಪ್ರೆಶರ್ ಸ್ವಿಚ್ಚು ಕೂಡ ಹಾಕಿದೆವು. ಪೈಪು ಒಡೆದು ಒತ್ತಡ ಕುಸಿದರೆ ಅದು ಯಾವ ರೇಡಿಯೋವನ್ನೂ ಕೇಳದೆ ಮೋಟರ್ ನಿಲ್ಲಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕಿತ್ತು.

ಮೊದಲ ವಾರದಲ್ಲಿ ಎರಡು ರಾತ್ರಿ ಮೋಟರ್ ಕಾರಣವಿಲ್ಲದೆ ನಿಂತಿತು. ಅಣ್ಣನಿಗೆ ಬೇಸರವಾಗಿರಬಹುದು ಎಂದು ಸಮಯವನ್ನು ಅರ್ಧ ತಾಸಿಗೆ ಹೆಚ್ಚಿಸಲೇ ಎಂದು ಕೇಳಿದೆ. ಬೇಡ ಅಂದ. ಒಂದು ರಾತ್ರಿ ನೀರು ತಪ್ಪಿದರೆ ತೊಗರಿ ತಡೆದುಕೊಳ್ಳುತ್ತದೆ, ಬೇರು ಮುಳುಗಿದರೆ ತಡೆಯುವುದಿಲ್ಲ ಎಂಬುದು ಅವನ ಮಾತು. ಅವನು ಅದನ್ನು ಕಣ್ಣಾರೆ ಕಂಡಿದ್ದ. ನೀರು ನಿಂತ ಮೂಲೆಯಲ್ಲಿ ಹತ್ತು ದಿನದೊಳಗೆ ಎಲೆ ಹಳದಿಯಾಗಿ, ಹೂ ಉದುರಿ, ಹದಿನೈದು ಗುಂಟೆಯ ಗಿಡ ನಿಂತಲ್ಲೇ ಒಣಗಿದವು. ಎಳ್ಳು ಅಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಅವ್ವ ಆ ಮೂಲೆಗೂ ಹೋಗಿ ಒಂದು ಹಿಡಿ ಹೆಚ್ಚೇ ಚೆಲ್ಲಿದಳು.

ಮರು ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ನೋಡ್‌ನ ರಾತ್ರಿ ಮೆಸೇಜು ತಪ್ಪಿದ್ದು ಬೆರಳೆಣಿಕೆಯಷ್ಟು. ಇಬ್ಬನಿ ಬಿದ್ದ ಬೆಳಗಿನಲ್ಲೂ ಸಿಗ್ನಲ್ ಮೈನಸ್ 107ರ ಕೆಳಗೆ ಇಳಿಯಲಿಲ್ಲ. ಈಗ ಪರದೆಯಲ್ಲಿ ಕೊನೆಯ ಮೆಸೇಜು ಬಂದು ಎಷ್ಟು ಹೊತ್ತಾಯಿತು ಎಂಬುದನ್ನೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತೇನೆ. ಅದು ಹಳೆಯದಾದರೆ ಹಸಿರು ಹೋಗಿ ಬೂದು ಬಣ್ಣ ಬರುತ್ತದೆ.

ಈ ಸಲ ನಡುವಿನ ಹೊಲದವರು ತೊಗರಿ ಬಿಟ್ಟು ಕಬ್ಬು ಹಾಕಿದ್ದಾರೆ. ಅದು ಆಳೆತ್ತರ ದಾಟುವ ಮುಂಚೆ ಒಂದು ಸಲ, ಪೂರಾ ಬೆಳೆದ ಮೇಲೆ ಇಬ್ಬನಿ ಬಿದ್ದ ಬೆಳಗಿನಲ್ಲಿ ಇನ್ನೊಂದು ಸಲ ಅಳೆಯಬೇಕು. ಗಳ ಕೊಟ್ಟಿಗೆಯಲ್ಲೇ ಇದೆ.